ಹಿಂದಿನ ಬಾಗಿಲು

ಚಿತ್ತವಾಡ್ಗಿಯ ಗ್ಯಾರೇಜಿನ ಬೆಂಚಿನ ಮೇಲೆ ತನ್ನ ಸ್ಕೂಟಿಗಾಗಿ ಕಾಯುತ್ತಿದ್ದ ಲಲಿತಾ, ಮೆಕ್ಯಾನಿಕ್ ರಾಯಣ್ಣ ಹಳೆಯ ಆಟೊಮ್ಯಾಟಿಕ್ ಕಾರಿನ ಮಾಲೀಕ ಶಂಭುಲಿಂಗನಿಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡಳು.

“ಹೋದ ಸಲನ ಗೇರ್ ಆಯಿಲ್ ಬದಲಿ ಮಾಡೀನಿ, ಫಿಲ್ಟರ್ ಹೊಸಾದು ಹಾಕೀನಿ. ಆದ್ರೂ ನಿಲ್ತದ ಅಂದ್ರಲ್ರಿ?”

“ನಿಲ್ತದಪಾ. ಸಂಡೂರಿಂದ ಬರುವಾಗ ದಾರ್ಯಾಗ ಶಾಲಿ ಮುಂದಿನ ಬೇವಿನ ಮರದ ಹತ್ರ ತಾನ ನ್ಯೂಟ್ರಲ್‌ಗೆ ಬೀಳ್ತದ. ಎಂಜಿನ್ ಕೂಗ್ತದ, ಗಾಲಿ ತಿರುಗಂಗಿಲ್ಲ.”

“ಬ್ಯಾರೆ ಕಡೆ?”

“ಎಲ್ಲೂ ಇಲ್ಲ. ಅಲ್ಲೇ.”

“ಮೊದಲು ಕಾರ್ ಯಾರದಿತ್ರಿ?”

“ಜಡೆಪ್ಪ ಮಾವಂದು. ಅತ್ತಿ ಅಲ್ಲೇ ಶಾಲಿ ಟೀಚರ್ ಇದ್ರು. ದಿನಾ ಸಂಜಿಗೆ ಆ ಮರದ ಕೆಳಗ ಹತ್ತೋರು. ನೋಟ್‌ಬುಕ್ ತಿದ್ದಾಕಂತ ಹಿಂದ ಕುಂದ್ರೋರು. ಅವರು ತೀರ್ಕೊಂಡ ಮ್ಯಾಲ ಮಾವ ಕಾರ್ ಮುಟ್ಟಲಿಲ್ಲ, ನನಗ ಕೊಟ್ರು.”

ರಾಯಣ್ಣ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದ.

“ನಿನ್ನೆ ಟ್ರಯಲ್ ಹೋದಾಗ ನನಗೂ ಅಲ್ಲೇ ನಿಂತಿತ್ರಿ. ಇಳಿದು ನೋಡಿದೆ. ಹಿಂದಿನ ಬಾಗಿಲು ಸರಿ ಹಾಕಿದ್ದಿಲ್ಲ ಅನಿಸ್ತು, ತಗದು ಹಾಕಿದೆ. ಆಮ್ಯಾಲ ಮಸ್ತ್ ಓಡ್ತು.”

“ಇಲ್ಲಿಗೆ ಬಂದ ಮ್ಯಾಲ ಆ ಬಾಗಿಲು ತಗದಿ ಏನು?”

“ಇಲ್ರಿ.”

ಶಂಭುಲಿಂಗ ಕಾರಿನ ಹಿಂದಿನ ಗಾಜನ್ನು ಸ್ವಲ್ಪ ಹೊತ್ತು ನೋಡಿ, ಕೀಲಿಗೆ ಕೈಚಾಚಿದ.

“ಹಂಗಾರ ತಗೀಬ್ಯಾಡ. ಮಾವನ ಮನಿ ಮುಂದ ಹೋಗಿ ನಾನ ತಗೀತೀನಿ.”

ಕಾರು ಒಂದಿಷ್ಟೂ ಕುಲುಕದೆ ಹೊರಟಿತು.