ಇದ್ದಲಿ ಗೆರೆಯ ತತ್ತಿ

ಹಲೋ... ಹಲೋ, ಯಾರ್ರಿ ಮಾತಾಡೋದು? ಖುರ್ಷೀದ್ ಬೇಗಂ ಏನ್ರಿ?... ಹಾಂ, ನಾನ್ರಿ, ಕಮಳಾಬಾಯಿ. ಮಂಠಾಳದಿಂದ. ನಿಮ್ಮ ಬಾಜು ಮನಿ ಆಮ್ರಪಾಲಿ ಅವ್ವ...

ಆರಾಮ ಇದ್ದೇವ್ರಿ. ನಮ್ಮ ಗುರುಶಾಂತಣ್ಣನ ದುಕಾನಕ್ಕ ಫೋನ್ ಬಂದಾದಲ್ರಿ, ಅಲ್ಲಿಂದನೇ ಮಾಡಾಕತ್ತೇನಿ. ಒಂದೀಟು ಆಮ್ರಪಾಲಿನ ಕರೀತೀರಿ?... ನಿಮ್ಮ ಮನ್ಯಾಗೇ ಕುಂತಾಳ? ನನ್ನ ನಸೀಬ ಛಲೋ ಅದ ನೋಡ್ರಿ ಇವತ್ತು. ಕೊಡ್ರಿ, ಕೊಡ್ರಿ...

ಆಮ್ರಪಾಲಿ! ಏನವಾ, ಹ್ಯಾಂಗಿದ್ದಿ?... ಯಾಕ, ದನಿ ಹಂಗ್ಯಾಕ ಬರಾಕತ್ತದ? ಬಾಯಾಗ ಎಲಿ ಇಟ್ಟಂಗ ಕೇಳತದ... ಬಾಯಿ ತುಂಬ ನೀರು? ಉಗುಳಿ ಉಗುಳಿ ಸಾಕಾಗ್ಯಾದ?... ಅಯ್ಯ, ಬಸುರಿದ್ದಾಗ ಆಗತದ ಬಿಡು. ನಿನ್ನ ಹೊತ್ತಾಗ ನನಗೂ ಹಂಗೇ ಆಗಿತ್ತು. ಬಾಜೂಕ ಚೊಂಬು ಇಟ್ಕೊಂಡೇ ರೊಟ್ಟಿ ಬಡೀತಿದ್ದೆ...

ಇಲ್ಲಿ? ಇಲ್ಲೇನದ, ಅದೇ ಹಾಳಾದ ಕಾಡಬೆಕ್ಕಿನ ಕಾಟ. ನಮ್ಮ ಕರೇಕೋಳಿ ಹೋತವಾ... ಹೂಂ, ಕಾವಿಗೆ ಕುಂತದ್ದೇ. ಬಣವಿ ಸಂದ್ಯಾಗ ಬುಟ್ಟಿ ಇಟ್ಟಿದ್ದೆನಲ್ಲ, ಅದರಾಗಿಂದನೇ ಎಳಕೊಂಡು ಹೋಗ್ಯಾದ. ಕೆಳಗಿನ ತತ್ತಿ ಒಂದೂ ಬಿಟ್ಟಿಲ್ಲ. ಬರೇ ಚಿಪ್ಪು, ಪುಚ್ಚ. ಮರಿ ಕಾಣೋ ಆಸೆ ಈ ಸಲ ಮುಗೀತು...

ನಿಮ್ಮಪ್ಪ ಒಡ್ಡೋ ಬಲಿ? ಬಲಿಗೆ ಮೊಲ ಬೀಳತದ, ಕೌಜುಗ ಬೀಳತದ, ಆ ಬೆಕ್ಕು ಬೀಳವಲ್ದು. ಗುಡ್ಡದಾಗ ನರಸಿಂಗ ಶಿಕಾರಿ ಮಾಡತಾನ, ಬೆಕ್ಕು ಅವನ ಮನ್ಯಾಗ ಶಿಕಾರಿ ಮಾಡತದ ಅಂತ ಓಣಿ ಮಂದಿ ನಗಾಕತ್ತಾರ. ಆ ಸಿಟ್ಟಿಗೆ ಅದೇ ಬುಟ್ಟ್ಯಾಗ ಏನೋ ಮಾಡಿ ಇಟ್ಟಾನ. ಇರಲಿ ಬಿಡು, ಬಸುರಿ ಮುಂದ ಅವೆಲ್ಲ ಮಾತು ಯಾಕ...

ಯಾರು ಬಂದಿದ್ರು? ನಿಮ್ಮ ಸೋದರತ್ತಿ? ದ್ರೌಪತಿ?... ಖರೇನ? ನಮ್ಮಲ್ಲೇ ವಸ್ತಿ ಇದ್ದಳಲ್ಲ, ನಾ ಹೊಲಕ್ಕ ಹೋದಾಗ ಎದ್ದು ಹೋಗ್ಯಾಳ. ತನ್ನೂರು ಹುಲಸೂರಿಗೆ ಹೋದಳು ಅಂತ ತಿಳದಿದ್ದೆ. ನಿಮ್ಮ ಹುಮನಾಬಾದಿಗೆ ಹೋಗತೇನಿ ಅಂತ ಒಂದು ಮಾತು ಹೇಳಬೇಕಿಲ್ಲ? ನಾಕು ರೊಟ್ಟಿನಾದ್ರೂ ಕಟ್ಟತಿದ್ದೆ... ಬರಿಗೈಲೆ ಬಂದಿಲ್ಲ? ಏನು ತಂದಾಳ ಮಹಾರಾಣಿ?...

ತತ್ತಿ! ಅಕಿ ಮನ್ಯಾಗ ಕೋಳೀನೇ ಇಲ್ಲ, ತತ್ತಿ ಎಲ್ಲಿಂದ ಬಂತು?... ನಮ್ಮ ಮನೀವೇ ಅಂದಳು? ನಾ ಎಲ್ಲಿ ಕೊಟ್ಟೇನಿ?... ಹೋಗಲಿ ಬಿಡು. ಬಸುರಿ ಇದ್ದ ಮನಿಗೆ ಬರಿಗೈಲೆ ಹ್ಯಾಂಗ ಹೋಗೋದು ಅಂತ ಎಲ್ಲೋ ಕೈ ಹಾಕ್ಯಾಳ. ನಾ ಬೈಯಂಗಿಲ್ಲ. ನಿನಗ ಮುಟ್ಟಿದರ ಸಾಕು...

ತಿಂದಿ? ನೀ ತಿಂದಿ? ನಿನ್ನ ಗಂಡನ ಅವ್ವಗ ಗೊತ್ತಾಗದಂಗ?... ನಗಬ್ಯಾಡ, ಹೇಳು... ಒಲಿ ಮುಂದ ಒಬ್ಬಾಕೇ ಕುಂತು, ಕುದಿಸಿ, ಉಪ್ಪು ಹಚ್ಚಿ... ಹಹ್ಹ, ಶಾಣ್ಯಾಕಿ! ಯಾರಿಗೂ ಕಾಣದಂಗ ತಿನ್ನು ಅಂತ ನಾ ಹೇಳಿದ್ದು ಈ ಸಲನಾದ್ರೂ ಕೇಳಿದಿ. ನಮ್ಮಲ್ಲಿ ಇರೋತನಾ ನಿನ್ನ ಬಾಯಿಗೆ ಒಂದು ಇಡೀ ತತ್ತಿ ಬಿತ್ತೇನು? ತತ್ತಿ ಸಂತಿಗೆ, ಶಿಕಾರಿ ನಿಮ್ಮಪ್ಪನ ದೋಸ್ತರಿಗೆ, ನಮಗ ಇಬ್ಬರಿಗೂ ಗಡಗಿ ತಳದ ಸಾರು. ಎಲ್ಲಾರಿಗೂ ಬಡಿಸಿ ಉಳದದ್ದು ತಿನ್ನೋದು ನನ್ನ ಕಾಲಕ್ಕ ಸಾಕು. ನೀ ಮೊದಲು ತಿನ್ನು...

ಏನಂದಿ? ಪಾಪ ಯಾಕ ಹತ್ತತದ?... ಕಾವಿನ ತತ್ತಿ? ಕಾವಿನವು ಅಂತ ಹ್ಯಾಂಗ ಅಂತಿ?... ಇದ್ದಲಿ ಗೆರಿ ಇತ್ತು...

ಇದ್ದಲಿ ಗೆರಿ. ಎಲ್ಲಾದರ ಮ್ಯಾಲೂ?... ಹೌದವಾ, ಕಾವಿಗೆ ಇಡೋ ತತ್ತಿಗೇ ಗೆರಿ ಎಳೀತೇವಿ, ಗುಡುಗಿಗೆ ಕೆಡಬಾರದು, ಯಾರೂ ತಿನ್ನಬಾರದು ಅಂತ. ನಾನೇ ಕಲಿಸೇನಿ ನಿನಗ. ದ್ರೌಪತಿ ನಿಮ್ಮ ಕೋಳಿ ಕೆಳಗ ಇಡು ಅಂತ ಕೊಟ್ಟಳು, ನಿನಗ ಆಸೆ ತಡೀಲಿಲ್ಲ, ಒಂದು ತಿಂದಿ... ಸುಮ್ಮಿರು, ಆಮ್ರಪಾಲಿ. ಒಂದು ಗಳಿಗಿ ಸುಮ್ಮಿರು...

ನಮ್ಮ ಮನ್ಯಾಗ ಈಗ ಕಾವಿಗೆ ಕುಂತ ಕೋಳಿ ಇಲ್ಲವಾ. ನಾ ಯಾವ ತತ್ತಿಗೂ ಗೆರಿ ಎಳದಿಲ್ಲ...

ಎಲ್ಲಿಂದ ತಗೊಂಡೆ ಅಂದಳು?... ಬಣವಿ ಸಂದೀಲಿಂದ. ಬುಟ್ಟೀಲಿಂದ...

ಇಲ್ಲ, ಸಿಟ್ಟಿಲ್ಲ. ಯಾವಾಗ ತಿಂದಿ?... ಈಗೇ? ಬೇಗಂ ಮನಿಗೆ ಬರೋಕಿಂತ ಮೊದಲು?... ಬೆವರು ಬರಾಕತ್ತದ? ಕಣ್ಣು ಮಬ್ಬು?... ಕೇಳು. ಆ ಗೆರಿ ನಿಮ್ಮಪ್ಪ ಎಳದಾನ. ನಾ ಮರತು ಒಲಿಗೆ ಇಡಬಾರದು ಅಂತ ಎಳದಾನ. ಬೆಕ್ಕಿಗೆ ಅಂತ ಆ ತತ್ತ್ಯಾಗ ಸೂಜೀಲೆ ವಿಷ ತುಂಬ್ಯಾನ, ತೊಗರಿಗೆ ಹೊಡ್ಯೋ ಔಷಧ. ನಿನಗ ಆಗಾಕತ್ತದ್ದು ಬಸುರಿನ ಸಂಕಟ ಅಲ್ಲ. ಈಗಿಂದೀಗ ದವಾಖಾನಿಗೆ ನಡಿ, ಡಾಕ್ಟರ ಮುಂದ ವಿಷ ಅಂತ ಬಾಯಿಬಿಟ್ಟು ಹೇಳು. ಹೇಳದಿದ್ರ ಬಸುರಿ ಅಂತ ಗುಳಿಗಿ ಕೊಟ್ಟು ಕಳಸತಾರ. ಕೇಳಿದಿಯಲ್ಲ?...

ಆಮ್ರಪಾಲಿ?...

ಯಾರು?... ಖುರ್ಷೀದ್ ಬೇಗಂ, ಅಕಿ ಎಲ್ಲಿ? ಫೋನ್ ಯಾವಾಗ ಕೆಳಗ ಬಿಟ್ಟಳು? ನಾ ಹೇಳಿದ್ದು ಕೇಳಿ ಹೋದಳೇನು?... ಬಾಯಿ ಮುಚ್ಚಿಕೊಂಡು ಮೋರಿ ಕಡೆ ಓಡಿದಳು? ನಿಮಗ ಏನೂ ಹೇಳಲಿಲ್ಲ?... ನೋಡಿ ಬರ್ರಿ. ಫೋನ್ ಇಡಬ್ಯಾಡ್ರಿ...

ಗುರುಶಾಂತಣ್ಣಾ, ಯಾರನ್ನಾದ್ರೂ ಗುಡ್ಡಕ್ಕ ಕಳಸು, ಆಮ್ರಪಾಲಿ ಅಪ್ಪನ್ನ ಕರಸು. ಬಲಿ ಬಿಟ್ಟು ಬಾ ಅನ್ನು... ನಾನೇ ಹೇಳಿದ್ದೆ ಅಣ್ಣಾ. ಯಾರಿಗೂ ಕಾಣದಂಗ ಒಬ್ಬಾಕೇ ತಿನ್ನು ಅಂತ ನಾನೇ ಹೇಳಿದ್ದೆ...

ಹಲೋ? ಹಾಂ, ಇದ್ದೇನ್ರಿ. ಹೇಳ್ರಿ... ಇಲ್ರಿ, ಬಸುರಿನ ವಾಂತಿ ಅಲ್ರಿ ಅದು. ನೀವು ಎಷ್ಟು ಹಡದಿದ್ರೂ ಅಲ್ರಿ... ಹಲೋ? ನನ್ನ ದನಿ ಬರವಲ್ದೇನ್ರಿ? ನಿಮ್ಮದು ಬರಾಕತ್ತದಲ್ಲ... ದವಾಖಾನಿ ಅನ್ನಾಕತ್ತೇನ್ರಿ! ರಿಕ್ಷಾ ಕರೀರಿ!...

ಲಿಂಬು ನೀರು ಬ್ಯಾಡ್ರಿ... ಮಲಗಿಸೀರಿ? ಫಿಕರ್ ಮಾಡಬ್ಯಾಡ ಅಂತೀರಿ?... ಈಗ ತಣ್ಣಗ ಆಗ್ಯಾಳ? ನಿದ್ದಿ ಹತ್ತ್ಯಾದ?...

ಎಬ್ಬಸ್ರಿ. ನಿಮ್ಮ ಕಾಲಿಗೆ ಬೀಳತೇನಿ, ಅಕೀನ ಎಬ್ಬಸ್ರಿ. ನಿದ್ದಿ ಅಲ್ರಿ ಅದು. ಆ ತತ್ತ್ಯಾಗ ನನ್ನ ಗಂಡ...

ಹಲೋ?... ಹಲೋ...