ಅಳಿಯಂದಿರು ಸರಿಮಾಡಿದ ಕಂಪ್ಯೂಟರ್

…ಇರಿ ಅಳಿಯಂದಿರೇ, ಆ ಗುಂಡಿ ಈಗಲೇ ಒತ್ತಬೇಡಿ. ಮೊದಲು ಕೈ ಮುಗಿಯೋಣ. ಮಲಗಿದ ಜೀವಗಳನ್ನೆಲ್ಲ ದಿನಾ ಬೆಳಗ್ಗೆ ಮೈದಡವಿ ಎಬ್ಬಿಸುವ ತಂದೆಯೇ, ನಿನಗೆ ನಮಸ್ಕಾರ. ಈ ಪೆಟ್ಟಿಗೆಯನ್ನೂ ಎಬ್ಬಿಸಪ್ಪ. ಹೂಂ, ಈಗ ಒತ್ತಿ.

ಯಾಕೆ ನಗ್ತೀರಿ? ನಗಿ, ಪರವಾಗಿಲ್ಲ. ನಿಮ್ಮ ಮಾವನವರೂ ಹೀಗೇ. "ಕರೆಂಟ್ ಬಿಲ್ ಕಟ್ಟೋನು ನಾನು, ಇವಳು ಕೈ ಮುಗಿಯೋದು ಇನ್ಯಾರಿಗೋ" ಅಂತಾರೆ.

ನೋಡಿ, ಎದ್ದೇಬಿಡ್ತು. ಹೇಗಿತ್ತು ಇದರ ಅವತಾರ, ನಿಮಗೇ ಗೊತ್ತಲ್ಲ. ನಾನು ಪ್ರಾರ್ಥನೆಗಳನ್ನ ಟೈಪ್ ಮಾಡ್ತಾ ಮಾಡ್ತಾ, ಒಂದು ಸಾಲು ಮನಸ್ಸಿಗೆ ತಟ್ಟಿತು ಅಂತ ಸ್ವಲ್ಪ ಕಣ್ಣು ಮುಚ್ಚಿ ಕೂತರೆ, ಇದೂ ಕಣ್ಣು ಮುಚ್ತಿತ್ತು. ನಾನು ಕಣ್ಣು ಬಿಟ್ಟರೂ ಇದು ಬಿಡ್ತಿರಲಿಲ್ಲ. ಮೌಸ್ ಅಲ್ಲಾಡಿಸಿದರೂ ಇಲ್ಲ, ಬೈದರೂ ಇಲ್ಲ. ಕೆಲಸ ಕೊಡ್ತಾ ಇದ್ದಷ್ಟು ಹೊತ್ತು ಚೆನ್ನಾಗಿಯೇ ಇರ್ತಿತ್ತು. ಸುಮ್ಮನೆ ಬಿಟ್ಟೆನೋ, ಮುಗೀತು. ನೀವೇ ಬಂದು ಬಿಡಿಸಿ ಹೇಳಿದ್ರಿ… ಕೆಲಸ ಇಲ್ಲದಾಗ ಕರೆಂಟ್ ಉಳಿಸೋಕೆ ಅಂತ ಪ್ರೊಸೆಸರ್ ನಿದ್ದೆ ಮಾಡುತ್ತೆ, ಅದು ಎಲ್ಲೋ ತೀರಾ ಆಳಕ್ಕೆ ಇಳಿದು ವಾಪಸ್ ಬರೋ ದಾರಿ ಮರೀತಿದೆ ಅಂತ. ಎಷ್ಟು ಚೆನ್ನಾಗಿ ಹೇಳಿದ್ರಿ. ನನಗೆ ಅದರ ಮೇಲೆ ಕನಿಕರವೇ ಬಂತು.

ಆ ಸ್ಟೂಲ್ ಬೇಡ, ಕಾಲು ಅಲ್ಲಾಡುತ್ತೆ. ಈ ಕಡೆ ಕೂತ್ಕೊಳ್ಳಿ.

ಒಂದು ಒಳ್ಳೆ ಸುದ್ದಿ. ನಿಮ್ಮ ಮಾವನವರು ಅವರ ಅಕ್ಕನ ಮನೆಯಿಂದ ನಿನ್ನೆ ವಾಪಸ್ ಬಂದ್ರು. ಹೊರಡುವಾಗ ಏನಂದಿದ್ರು, ನೆನಪಿದೆಯಾ? "ನಾನು ಬರೋದ್ರೊಳಗೆ ಮನೆ ಕಂಪ್ಯೂಟರ್ ಸರಿಮಾಡಿ ತೋರಿಸಲಿ. ಆಮೇಲೆ ಮುಂದಿನ ಕೋಣೆಯಲ್ಲಿ ರಿಪೇರಿ ಅಂಗಡಿ ಇಡೋ ಮಾತು." ಅದು ಅವರು ಹೊಲಿಗೆ ಅಂಗಡಿ ನಡೆಸಿದ ಕೋಣೆ ನೋಡಿ, ನನಗೇ ಅಲ್ಲಿ ಒಂದು ಬುಟ್ಟಿ ಇಡೋಕೆ ಬಿಟ್ಟವರಲ್ಲ. ನೀವು ಕೆಲಸಕ್ಕಿದ್ದ ಅಂಗಡಿಗೆ ಅದರ ಯಜಮಾನರು ಬಾಗಿಲು ಹಾಕಿದಾಗಿಂದ ಮಗಳೂ ಸೊರಗಿದ್ದಾಳೆ. ಇವರು ನಿನ್ನೆ ಬಂದವರೇ ಚೀಲ ಕೂಡ ಇಳಿಸದೆ ಕೇಳಿದ್ರು. "ಸರಿಹೋಯ್ತಾ?" ಹೋಯ್ತು ಅಂದೆ. "ಅಳಿಯನೇ ಮಾಡಿದ್ದಾ?" ಅಳಿಯಂದಿರು ಹೇಳಿದ ಹಾಗೇ ಆಯ್ತು ಅಂದೆ. ಒಂದು ಗಂಟೆ ಇದರ ಮುಂದೆ ಸುಮ್ಮನೆ ಕೂತು ಕಾದ್ರು, ಬೆಕ್ಕು ಬಿಲದ ಮುಂದೆ ಕೂತ ಹಾಗೆ. ನಿಲ್ಲಲೇ ಇಲ್ಲ ಇದು. "ಪರವಾಗಿಲ್ಲ ಕಣೇ, ಹುಡುಗ ಗಟ್ಟಿಗ" ಅಂದ್ರು. ಇವತ್ತು ಸಂಜೆ ನಿಮ್ಮನ್ನ ಕೂರಿಸಿಕೊಂಡು ಮಾತಾಡ್ತಾರಂತೆ.

ಅಯ್ಯೋ, ಅದರ ಮೇಲೆ ಯಾಕೆ ಕೈ ಇಟ್ರಿ?

ಬಿಸಿ ಇಲ್ಲವಾ… ಇಲ್ಲದೇ ಇದ್ದರೆ ಒಳ್ಳೆಯದೇ ಅಲ್ವಾ. ಫ್ಯಾನ್ ಸದ್ದಾ? ಅದೂ ಇಲ್ಲ. ಸದ್ದಿಲ್ಲ ಅಂತ ಯಾರಾದರೂ ಕೊರಗ್ತಾರಾ? ನೀವು ಮೊದಲು ಏನಾದರೂ ಕುಡೀರಿ. ಬಿಸಿಲಲ್ಲಿ ಬಂದಿದ್ದೀರಿ. ಮತ್ತೆ ಯಾಕೆ ಆರಿಸಿದ್ರಿ? ಶುರುವಾಗುವಾಗಲೇ ಆ ಕೀ ಒತ್ತಿ ಒಳಗಿನ ಸೆಟ್ಟಿಂಗ್‌ಗೆ ಹೋಗ್ತಿದ್ದೀರಲ್ಲ, ಚೆನ್ನಾಗಿ ನಡೀತಿರೋದನ್ನ ಯಾಕೆ ಕೆದಕಬೇಕು… ಅಳಿಯಂದಿರೇ? ನಿಮ್ಮ ಅಮ್ಮನವರ ಮಂಡಿನೋವು ಹೇಗಿದೆ?

ಹೀಗೆ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಬೇಡಿ.

ನಾನು ಸುಳ್ಳು ಹೇಳೋಳಲ್ಲ, ನಿಮಗೆ ಗೊತ್ತು. ಅದಕ್ಕೇ, ನೀವು ಕೇಳಬೇಡಿ. ಕೇಳ್ತಿಲ್ಲ ನೀವು, ಸರಿ. ಬರೀ ನೋಡ್ತಿದ್ದೀರಿ. ಅದು ಕೇಳೋದಕ್ಕಿಂತ ಜಾಸ್ತಿ ಆಯ್ತು.

ಹೂಂ. ನಾನೇ.

ಅವತ್ತು ನೀವು ಅವಸರದಲ್ಲಿದ್ರಿ. ಕರೆಂಟ್ ಉಳಿಸೋ ಸೆಟ್ಟಿಂಗ್ ಇದ್ದಬದ್ದದ್ದನ್ನೆಲ್ಲ ಆಫ್ ಮಾಡಿ ಹೋದ್ರಿ. ನಿಲ್ಲೋದೇನೋ ನಿಲ್ತು, ಆದರೆ ಪಾಪ, ಅದಕ್ಕೆ ಒಂದು ಕ್ಷಣ ಮೈ ಸಡಿಲಿಸೋಕೂ ಇಲ್ಲ. ಬಿಸಿ ಅಂದ್ರೆ ಬಿಸಿ. ಫ್ಯಾನ್ ಹಿಟ್ಟಿನ ಗಿರಣಿ ಥರ. ನಾನು ಜಪಕ್ಕೆ ಕೂತರೆ ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸ್ತಿರಲಿಲ್ಲ. ನೀವೇ ಹೇಳಿದ್ರಲ್ಲ, ಒಂದೊಂದಾಗಿ ವಾಪಸ್ ಆನ್ ಮಾಡ್ತಾ ನೋಡಬೇಕು, ಯಾವುದರಿಂದ ಹಾಗಾಗುತ್ತೋ ಅದೊಂದನ್ನೇ ಆಫ್ ಮಾಡಿ ಬಿಡಬೇಕು, ಆಮೇಲೆ ಬರ್ತೀನಿ ಅಂತ. ನೀವು ಬರಲಿಲ್ಲ. ಇವರು ಬರೋ ದಿನ ಹತ್ತಿರ ಬಂತು. ದೇವರ ಮೇಲೆ ಭಾರ ಹಾಕಿ ನಾನೇ ಕೂತೆ. ವೇಗ ತಗ್ಗಿಸೋದನ್ನ ಆನ್ ಮಾಡಿದೆ, ಒಂದು ದಿನ ಬಿಟ್ಟು ನೋಡಿದೆ. ತೊಂದರೆ ಇಲ್ಲ. ತೂಕಡಿಕೆಯನ್ನೂ ಕೊಟ್ಟೆ. ತೊಂದರೆ ಇಲ್ಲ. ಕೊನೆಗೆ ಆ ಆಳದ ನಿದ್ದೆ ಕೊಟ್ಟೆ ನೋಡಿ, ಅರ್ಧ ಗಂಟೆಯಲ್ಲಿ ಮತ್ತೆ ಕಲ್ಲು. ಅದೊಂದನ್ನ ಕಿತ್ತುಕೊಂಡೆ, ಅಷ್ಟೇ. ರೋಗ ಕಂಡುಹಿಡಿದವರು ನೀವು. ಔಷಧಿ ಹೇಳಿದವರೂ ನೀವು. ನಾನು ಚಮಚ ಹಿಡಿದೆ.

ಹಾಗಾಗಿ ನಾನು ಇವರಿಗೆ ಹೇಳಿದ್ದು ಸುಳ್ಳಲ್ಲ. ಪೂರ್ತಿ ಸುಳ್ಳಲ್ಲ… ಏನು ಆ ನೋಟ? ಆಯ್ತಪ್ಪ, ನಿಜಕ್ಕೆ ಸ್ವಲ್ಪ ಸೆರಗು ಹೊದಿಸಿದೆ. ಆ ಕೋಣೆ ನಿಮಗೆ ಸಿಗಲಿ ಅಂತ.

ಎಲ್ಲಿಗೆ ಎದ್ರಿ? ಬೇಡ. ಅವರು ಮುಂದಿನ ಕೋಣೆಯಲ್ಲೇ ಇದ್ದಾರೆ, ನಿದ್ದೆ ಬಂದಿರಬಹುದು. ಹೇಳಲೇಬೇಕಾ? ಮಗಳ ಮುಖ ನೆನಸ್ಕೊಳ್ಳಿ. ಅವರು ಒಂದು ಸಲ ಇಲ್ಲ ಅಂದ್ರೆ ಮುಗೀತು, ಮತ್ತೆ ಹೂಂ ಅನ್ನಿಸೋಕೆ ನನ್ನಿಂದಲೂ ಆಗಲ್ಲ. ಕೂತ್ಕೊಳ್ಳಿ, ನನ್ನ ಮಾತು ಕೇಳಿ.

ಕೂರಲ್ವಾ.

ಹೋಗಿ ಹಾಗಾದರೆ. ದಿನಾ ಎರಡು ಹೊತ್ತು ಸತ್ಯ ಸತ್ಯ ಅಂತ ದೇವರ ಮುಂದೆ ಕೂರೋಳು ನಾನು. ಎದ್ದು ಹೋಗ್ತಿರೋರು ನೀವು.

ಇರಿ… ಅದೇನು ಸದ್ದು? ಮುಂದಿನ ಕೋಣೆಯಲ್ಲಿ ಏನೋ ಎಳೀತಿದ್ದಾರೆ. ರೀ, ಏನು ಮಾಡ್ತಿದ್ದೀರಿ? ಬಟ್ಟೆ ಕತ್ತರಿಸೋ ಮೇಜು ಯಾಕೆ ಹೊರಗೆ ತರ್ತಿದ್ದೀರಿ? ಗೋಡೆ ಆಚೆಯಿಂದ ಅಷ್ಟೂ ಕೇಳಿಸ್ಕೊಂಡ್ರಾ?

ಏನಂದ್ರಿ? "ಅಳಿಯ ಬಂದು ಹೇಳೋವರೆಗೂ ಯಾಕೆ ಕಾಯಲಿ, ನಿಜ ಹೇಳೋಕೆ ಎದ್ದದ್ದು ಕೇಳಿಸ್ತಲ್ಲ, ಅವನ ಅಂಗಡಿಗೆ ಜಾಗ ಬೇಡ್ವಾ" ಅಂತಲಾ?

ಅಳಿಯಂದಿರೇ, ಬಾಗಿಲಲ್ಲಿ ಕಣ್ಣು ಒರೆಸ್ಕೊಂಡು ನಿಂತರೆ ಹೇಗೆ, ಹೋಗಿ ಆ ಕಡೆ ಹಿಡೀರಿ, ಅವರ ಸೊಂಟ ಮೊದಲೇ ಸರಿಯಿಲ್ಲ. ನಿಧಾನ, ನಿಧಾನ… ತಂದೆಯೇ, ಈ ಕೋಣೆಗೆ ಕೈ ತುಂಬ ಕೆಲಸ ಕೊಡು. ದುಡಿದವರಿಗೆ ಕಣ್ತುಂಬ ನಿದ್ದೆ ಕೊಡು, ನಿದ್ದೆ ಮಾಡಿದವರನ್ನ ಮರೆಯದೆ ಎಬ್ಬಿಸು. ಎದುರಿಗೆ ಕೂತು ಕೇಳಿದವರು, ಗೋಡೆಯಾಚೆ ನಿಂತು ಕೇಳಿದವರು, ಈ ಮುದುಕಿಯ ಮಾತು ಯಾರ ಯಾರ ಕಿವಿಗೆ ಬಿತ್ತೋ ಅವರೆಲ್ಲರನ್ನೂ ತಣ್ಣಗಿಟ್ಟಿರು.