ಬಣ್ಣದ ಕೆಳಗಿನ ಬಿರುಕು

ಗೋಕಾಕ ಬಸ್ ನಿಲ್ದಾಣದಲ್ಲಿ ನಾನು ಹುಕ್ಕೇರಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅದೇ ಬಸ್ಸಿಗೆ ಕಾಯುತ್ತ ಗಂಡ ಹೆಂಡತಿ ಕುಳಿತಿದ್ದರು. ಮೊದಲು ಹೆಂಡತಿಯ ಮಾತು ಕೇಳಿಸಿತು.

“ನಿಮ್ಮ ಸೈಕಲ್ ನಮ್ಮಣ್ಣನ ಮಗಳು ತೃಪ್ತಿಗೆ ಕೊಟ್ಟೇನ್ರಿ.”

“ಯಾವಾಗ?”

“ಇವತ್ತ ಮುಂಜಾನಿ. ದಸರಾ ಖಂಡೇಪೂಜಿಗೆ ಬಣ್ಣಾ ಹಚ್ಚಿದ್ರಲ್ಲಾ, ಹೊಸಾದು ಅಂತ ಕುಣದಾಡಿದ್ಲು.”

“ರಾಜಮತಿ, ಅದರ ಮುಂದಿನ ಗಾಲಿ ಹಿಡದಿರೂ ಫೋರ್ಕ್ ಬಿರಕ ಬಿಟ್ಟೈತಿ. ತಂತಿ ಸುತ್ತಿ, ಅಂಟ ಮೆತ್ತಿ, ಮ್ಯಾಲ ಬಣ್ಣಾ ಬಳದೇನಿ.”

“ಮತ್ತ ನೀವ ದಿನಾ ಅಂಗಡಿಗೆ ಅದರ ಮ್ಯಾಲ ಹೋಗ್ತಿದ್ರಿ?”

“ಮೆಲ್ಲಕ ಹೋಗ್ತಿದ್ದೆ. ತಗ್ಗ ಬಂದ್ರ ಇಳದು ನೂಕತಿದ್ದೆ.”

“ಭಾಳ ಶಾಣ್ಯಾ ಅದೀರಿ! ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಗುಜರಿಗೆ ಹಾಕತಿದ್ದಿ. ಈಗ ಆಕಿ ಎಲ್ಲಿದ್ದಾಳ?”

“ಗೋಕಾಕ ಫಾಲ್ಸ್‌ಗೆ, ಗೆಳತಿ ಮನಿಗೆ ಹೋಗ್ಯಾಳ. ವಾಪಸ್ ಬರೂ ಹೊತ್ತಾತು.”

“ಬರೂ ದಾರಿ ಪೂರಾ ಇಳಿಜಾರ! ಫೋನ್ ಹಚ್ಚ. ಹತ್ತಬ್ಯಾಡ, ನೂಕ್ಕೊಂಡ ಬಾ ಅನ್ನ.”

ಆಕೆ ಹಚ್ಚಿದಳು, ಮತ್ತೆ ಹಚ್ಚಿದಳು.

“ರಿಂಗ್ ಆಗಾಕತ್ತೈತಿ. ಎತ್ತವಲ್ಲಳ್ರಿ.”

“ಹಂಗಾರ ಸೈಕಲ್ ಮ್ಯಾಲ ಅದಾಳ.”

ಹುಕ್ಕೇರಿ ಬಸ್ಸು ಬಂದು ನಿಂತಿತು. ಅವರು ಅದರತ್ತ ನೋಡಲೂ ಇಲ್ಲ. ಆತ ಆಟೋ ಕೂಗುತ್ತ ರಸ್ತೆಗೆ ಓಡಿದ. ಹಿಂದೆ ಓಡುತ್ತಿದ್ದ ಆಕೆ ಫೋನನ್ನು ಕಿವಿಯಿಂದ ತೆಗೆದಿರಲಿಲ್ಲ.